ನಿಮ್ಮ ಕೈಗೆ ಒಗ್ಗುವ ಪಟರ್ ಆರಿಸುವುದು ಹೇಗೆ: ಮೊದಲು ಮನೆಯಲ್ಲಿ ಅಳತೆ, ಆಮೇಲೆ ಅಂಗಡಿ

ಪಟರ್, ಅಂದರೆ ಗಾಲ್ಫ್‌ನಲ್ಲಿ ಚೆಂಡನ್ನು ಹೋಲ್‌ಗೆ ಉರುಳಿಸುವ ದಾಂಡು, ಕೊಳ್ಳಲು ಹೊರಟವರು ಬಹುಪಾಲು ಒಂದೇ ಕಡೆ ಎಡವುತ್ತಾರೆ. ಟಿವಿಯಲ್ಲಿ ಯಾರೋ ಗೆದ್ದದ್ದು ನೋಡಿ ಅವರ ಪಟರ್‌ನ ಹೆಡ್, ಅಂದರೆ ಚೆಂಡಿಗೆ ತಾಗುವ ತಲೆಯ ಆಕಾರ ಮನಸ್ಸಿನಲ್ಲಿ ಕೂರುತ್ತದೆ. ಅಂಗಡಿಗೆ ಹೋಗಿ ಕಾರ್ಪೆಟ್ ಮೇಲೆ ಐದಾರು ಚೆಂಡು ಉರುಳಿಸುತ್ತಾರೆ, ಎರಡು ಮೂರು ಒಳಗೆ ಬೀಳುತ್ತವೆ, ಅಷ್ಟಕ್ಕೇ ದುಡ್ಡು ಕೊಟ್ಟು ಬರುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಅದೇ ದೂರು: ಆರಡಿ ದೂರದ ಪಟ್, ಅಂದರೆ ಪಟರ್‌ನ ಹೊಡೆತ, ಎಡಕ್ಕೆ ಹೋಗುತ್ತಿದೆ, ಉದ್ದದ ಪಟ್ ಅರ್ಧಕ್ಕೇ ನಿಲ್ಲುತ್ತಿದೆ.

ನನ್ನ ಜೊತೆ ಭಾನುವಾರ ಆಡುವ ಒಬ್ಬರು ಮೂರು ವರ್ಷದಲ್ಲಿ ಐದು ಪಟರ್ ಬದಲಿಸಿದರು. ತೆಳ್ಳನೆಯ ಹೆಡ್‌ನ ಬ್ಲೇಡ್, ಹಿಂದಕ್ಕೆ ಚಾಚಿದ ದೊಡ್ಡ ಹೆಡ್‌ನ ಮ್ಯಾಲೆಟ್, ಮತ್ತೆ ಬ್ಲೇಡ್, ಹೀಗೆ. ಒಂದು ದಿನ ಐದನ್ನೂ ಸಾಲಾಗಿ ಗೋಡೆಗೆ ಒರಗಿಸಿ ಟೇಪ್ ಹಿಡಿದು ನೋಡಿದೆವು. ಐದೂ 35 ಇಂಚು. ಅವರ ಎತ್ತರ ಐದಡಿ ನಾಲ್ಕಿಂಚು, ಅದರ ಮೇಲೆ ತುಂಬಾ ಬಾಗಿ ನಿಲ್ಲುವ ಅಭ್ಯಾಸ. ಆಕಾರ ಐದು ಸಲ ಬದಲಾಗಿತ್ತು, ತೊಂದರೆ ಇದ್ದ ಜಾಗವನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಹಾಗಾಗಿ ಇಲ್ಲಿ ಹೇಳುವ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ನಿಲುವು ಗೊತ್ತಾಗದೆ ಉದ್ದ ಗೊತ್ತಾಗುವುದಿಲ್ಲ. ಉದ್ದ ಸರಿಯಿಲ್ಲದೆ ನಿಮ್ಮ ಸ್ಟ್ರೋಕ್, ಅಂದರೆ ಪಟರ್ ಬೀಸುವ ರೀತಿ, ಹೇಗಿದೆ ಎಂದು ನೋಡಿದರೆ ಸಿಗುವುದು ತಪ್ಪು ಉತ್ತರವೇ. ಬ್ರಾಂಡ್ ಕಟ್ಟಕಡೆಗೆ ಬರುತ್ತದೆ. ಕೆಳಗಿನದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿದೆ, ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಈಗಿರುವ ಪಟರ್ ಸಾಕು, ಹಳೆಯದಾದರೂ ಪರವಾಗಿಲ್ಲ. ಜೊತೆಗೆ ಅಳತೆ ಟೇಪ್, ಹಳೆಯ ಸಿಡಿ ಒಂದು, ಸ್ಲೋ ಮೋಷನ್ ಇರುವ ಮೊಬೈಲ್, ಟಾಲ್ಕಂ ಪೌಡರ್, ಬಣ್ಣದ ಟೇಪ್, ಚೆಂಡು ಇಡಲು ನೆಲಕ್ಕೆ ನೆಡುವ ಎರಡು ಟೀ ಕಡ್ಡಿ, ಕೆಲವು ಒಂದು ರೂಪಾಯಿ ನಾಣ್ಯ, ಬೆಂಕಿಪೊಟ್ಟಣದಷ್ಟು ಅಗಲದ ಕನ್ನಡಿ ಚೂರು, ಡಬಲ್ ಸೈಡ್ ಟೇಪ್, ಲೇಸರ್ ಪಾಯಿಂಟರ್, ಒಂದು ರಟ್ಟಿನ ಡಬ್ಬ. ಕನ್ನಡಿಯ ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಪಕ್ಕದಲ್ಲಿ ನಿಂತು ನೋಡಲು ಮನೆಯಲ್ಲಿ ಒಬ್ಬರು ಬೇಕು. ಅವರಿಗೆ ಗಾಲ್ಫ್ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬರೆದಿಡದಿದ್ದರೆ ಮನಸ್ಸಿಗೆ ಇಷ್ಟವಾದ ಪಟರ್‌ನ ಒಳ್ಳೆಯ ಹೊಡೆತ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

## ಹಂತ 1: ಪಟರ್ ಇಲ್ಲದೆ ನಿಲ್ಲಿ

ಬರಿಗೈಯಲ್ಲಿ ಪಟ್ ಮಾಡುವ ಹಾಗೆ ಸೊಂಟದಿಂದ ಬಾಗಿ. ಭುಜ ಸಡಿಲ ಬಿಡಿ, ಕೈಗಳು ತಾವಾಗಿ ಜೋತು ಬೀಳಲಿ, ಆಮೇಲೆ ಎರಡೂ ಅಂಗೈ ಸೇರಿಸಿ. ಕೈ ಎಲ್ಲಿ ಸೇರಿತೋ ಅದೇ ನಿಮ್ಮ ಜಾಗ. ಹೀಗೆ ಐದು ಸಲ ಮಾಡಿ. ಪ್ರತಿ ಸಲ ನೆಟ್ಟಗೆ ನಿಂತು ಮತ್ತೆ ಬಾಗಬೇಕು.

ಈಗ ನೆಲದ ಮೇಲೆ ಚೆಂಡು ಇರಬೇಕಾದ ಜಾಗದಲ್ಲಿ ಸಿಡಿ ಇಡಿ, ಹೊಳೆಯುವ ಕಡೆ ಮೇಲೆ ಇರಲಿ. ಅದೇ ನಿಲುವಿನಲ್ಲಿ ಕೆಳಗೆ ನೋಡಿದರೆ ನಿಮ್ಮ ಕಣ್ಣು ಸಿಡಿಯಲ್ಲಿ ಕಾಣಬೇಕು. ಕಣ್ಣು ಚೆಂಡಿನ ನೇರ ಮೇಲೆ ಇರಬಹುದು, ಒಂದೆರಡು ಇಂಚು ನಿಮ್ಮ ಕಾಲಿನ ಕಡೆಗೂ ಇರಬಹುದು, ಎರಡೂ ನಡೆಯುತ್ತದೆ. ಚೆಂಡಿನಿಂದ ಆಚೆಗೆ ಹೋದರೆ ಮಾತ್ರ ಗುರಿಯ ಗೆರೆ ಸೊಟ್ಟಗೆ ಕಾಣತೊಡಗುತ್ತದೆ.

ಇಲ್ಲಿ ಆಗುವ ತಪ್ಪು ಒಂದೇ. ಯಾರೋ ದೊಡ್ಡ ಆಟಗಾರರ ಹಾಗೆ ನಿಲ್ಲಲು ಹೋಗುವುದು. ಬೆನ್ನು, ಮೊಣಕಾಲು, ಹೊಟ್ಟೆ ಎಲ್ಲರದ್ದೂ ಬೇರೆ ಬೇರೆ. ಇಪ್ಪತ್ತು ನಿಮಿಷ ಅಭ್ಯಾಸ ಮಾಡಿದರೆ ಸೊಂಟ ಹಿಡಿಯುವ ನಿಲುವು ನಿಮ್ಮದಲ್ಲ, ಅದಕ್ಕೆ ತಕ್ಕ ಪಟರ್ ಕೊಂಡರೂ ಹತ್ತನೇ ಹೋಲ್ ಹೊತ್ತಿಗೆ ನೀವೇ ನೆಟ್ಟಗಾಗಿಬಿಡುತ್ತೀರಿ.

## ಹಂತ 2: ಉದ್ದ

ಈಗ ಪಟರ್ ತೆಗೆದುಕೊಳ್ಳಿ. ಗ್ರಿಪ್‌ನ, ಅಂದರೆ ಹಿಡಿಕೆಯ, ತುದಿ ಹಿಡಿಯಬೇಕು ಎಂಬ ಯೋಚನೆ ಬಿಡಿ. ಮೊದಲ ಹಂತದ ನಿಲುವಿನಲ್ಲಿ ನಿಂತು, ಕೈ ಜೋತುಬಿದ್ದ ಜಾಗಕ್ಕೆ ಪಟರ್ ತಂದು, ಹೆಡ್ ಸಿಡಿಯ ಪಕ್ಕ ನೆಲಕ್ಕೆ ತಾಗಿಸಿ, ಶಾಫ್ಟ್, ಅಂದರೆ ಪಟರ್‌ನ ಉದ್ದ ಕೋಲು, ಎಲ್ಲಿ ಸಿಗುತ್ತದೋ ಅಲ್ಲೇ ಹಿಡಿಯಿರಿ. ಮೇಲಿನ ಕೈಗಿಂತ ಮೇಲೆ ಎಷ್ಟು ಗ್ರಿಪ್ ಉಳಿಯಿತು ಎಂದು ಪಕ್ಕದವರು ಅಳೆಯಲಿ. ಅರ್ಧದಿಂದ ಒಂದು ಇಂಚು ಉಳಿದರೆ ಉದ್ದ ಸರಿಯಾಗಿದೆ. 35 ಇಂಚಿನ ಪಟರ್‌ನಲ್ಲಿ ಎರಡೂವರೆ ಇಂಚು ಉಳಿದರೆ ನಿಮಗೆ ಬೇಕಾದ್ದು ಸುಮಾರು 33.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 33, 34, 35 ಇಂಚು. ನಾನು ಕಂಡ ಮಟ್ಟಿಗೆ ನಮ್ಮವರಲ್ಲಿ ಬಹಳ ಜನ ಬೇಕಾದ್ದಕ್ಕಿಂತ ಉದ್ದದ್ದನ್ನೇ ಹಿಡಿದು ಆಡುತ್ತಿದ್ದಾರೆ. ಎತ್ತರ ನೋಡಿ ಉದ್ದ ಹೇಳುವ ಪಟ್ಟಿಯನ್ನು ನಂಬಬೇಡಿ. ಆರಡಿ ಎತ್ತರದವರ ಕೈ ಉದ್ದ ಇದ್ದು, ಬಾಗುವ ಅಭ್ಯಾಸವೂ ಇದ್ದರೆ ಅವರಿಗೆ 33 ಒಗ್ಗಬಹುದು. ‘ಲೇಡೀಸ್’ ಎಂಬ ಚೀಟಿ ಅಂಟಿಸಿದ ಪಟರ್‌ಗೂ ಇದೇ ಮಾತು, ಚೀಟಿ ಬಿಟ್ಟು ಇಂಚು ನೋಡಿ.

ಉದ್ದ ತಪ್ಪಿದೆ ಎನ್ನುವುದಕ್ಕೆ ಗುರುತುಗಳು: ಮೊಣಕೈ ಹೊರಗೆ ಚಾಚಿಕೊಳ್ಳುವುದು, ಗ್ರಿಪ್‌ನ ತುದಿ ಹೊಟ್ಟೆಗೆ ತಾಗುವುದು, ಹೆಡ್‌ನ ಟೋ, ಅಂದರೆ ಹೊರತುದಿ, ನೆಲ ಬಿಟ್ಟು ಮೇಲೆದ್ದಿರುವುದು.

ಈಗಿರುವ ಪಟರ್ ಅನ್ನು ಕತ್ತರಿಸಿಬಿಟ್ಟರಾಯಿತು ಅಲ್ವಾ ಎಂದು ಕೇಳುತ್ತಾರೆ. ನಾನೂ ಹಾಗೇ ಮಾಡಿಸಿದ್ದೆ. ಒಂದು ಅಂಗಡಿಯಲ್ಲಿ ಎರಡು ಇಂಚು ಕೊಯ್ದು ಹೊಸ ಗ್ರಿಪ್ ಹಾಕಿಕೊಟ್ಟರು. ಉದ್ದ ಸರಿಹೋಯಿತು, ಆದರೆ ಹೆಡ್ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಯಿತು, ಒಂದಿಡೀ ಮಳೆಗಾಲ ಚೆಂಡನ್ನು ಎಡಕ್ಕೆ ಎಳೆಯುತ್ತಾ ಕಳೆದೆ. ಶಾಫ್ಟ್ ಗಿಡ್ಡವಾದಷ್ಟೂ ಹೆಡ್‌ನ ಭಾರ ಕೈಗೆ ಕಡಿಮೆ ತಿಳಿಯುತ್ತದೆ. ಕತ್ತರಿಸುವುದಾದರೆ ಹೆಡ್‌ಗೆ ತೂಕ ಸೇರಿಸಲು ಬರುತ್ತದೆಯೇ ಎಂದು ಮೊದಲೇ ಕೇಳಿ. ತಳದಲ್ಲಿ ಸ್ಕ್ರೂ ತೂಕ ಇರುವ ಹೆಡ್ ಆದರೆ ಸುಲಭ. ಇಲ್ಲವಾದರೆ ಅರ್ಧ ಇಂಚಿಗಿಂತ ಜಾಸ್ತಿ ಕೊಯ್ಯಿಸಬೇಡಿ. ಮಕ್ಕಳಿಗೆ ದೊಡ್ಡವರ ಪಟರ್ ಕತ್ತರಿಸಿ ಕೊಡುವುದು ಇನ್ನೂ ಕೆಟ್ಟದ್ದು. ಅಲ್ಲಿ ಕತ್ತರಿಸಿದ ಮೇಲೂ ಹೆಡ್ ಅವರ ಕೈಗೆ ವಿಪರೀತ ಭಾರ.

## ಹಂತ 3: ನೀವು ಗುರಿ ಇಟ್ಟದ್ದು ಎಲ್ಲಿಗೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಪಟ್‌ನಲ್ಲಿ ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎನ್ನುವುದನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಫೇಸ್, ಅಂದರೆ ಹೆಡ್‌ನಲ್ಲಿ ಚೆಂಡಿಗೆ ತಾಗುವ ಮುಖ, ಎತ್ತ ನೋಡುತ್ತಿದೆ ಎನ್ನುವುದು. ಹೆಡ್ ಬಂದ ದಾರಿಯ ಪಾಲು ಅದಕ್ಕಿಂತ ತುಂಬಾ ಕಡಿಮೆ. ಹೋಲ್‌ನ ಅಗಲ 4.25 ಇಂಚು. ಹತ್ತಡಿ ದೂರದಿಂದ ಫೇಸ್ ಒಂದೇ ಒಂದು ಡಿಗ್ರಿ ತಿರುಗಿದ್ದರೆ ಚೆಂಡು ಸುಮಾರು 2.1 ಇಂಚು ಪಕ್ಕಕ್ಕೆ ಹೋಗುತ್ತದೆ, ಅಂದರೆ ಸರಿಯಾಗಿ ಹೋಲ್‌ನ ಅಂಚಿಗೆ. ನಿಂತಾಗಲೇ ಎರಡು ಡಿಗ್ರಿ ತಪ್ಪು ಗುರಿ ಇಟ್ಟವರು ಪ್ರತಿ ಹೊಡೆತದಲ್ಲೂ ಅದನ್ನು ಕೈಯಿಂದ ತಿದ್ದಿಕೊಳ್ಳಬೇಕು. ತಿದ್ದುತ್ತಿದ್ದೇವೆ ಎಂದು ಅವರಿಗೇ ಗೊತ್ತಿರುವುದಿಲ್ಲ. ‘ನನ್ನ ಸ್ಟ್ರೋಕ್ ಸರಿಯಿಲ್ಲ’ ಎಂದುಕೊಂಡವರಲ್ಲಿ ಎಷ್ಟೋ ಜನರ ತೊಂದರೆ ನಿಜವಾಗಿ ಇದು.

ಹೀಗೆ ಮಾಡಿ. ರಟ್ಟಿನ ಡಬ್ಬದ ಮೇಲೆ ನೇರವಾಗಿ ಮೇಲಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಬುಡದಲ್ಲಿ, ನೆಲದಿಂದ ಒಂದು ಇಂಚು ಎತ್ತರಕ್ಕೆ, ತೂತು ಮಾಡಿ ಲೇಸರ್ ಪಾಯಿಂಟರ್ ಸಿಕ್ಕಿಸಿ. ಪಟರ್ ಫೇಸ್‌ನ ನಡುವೆ ಕನ್ನಡಿ ಚೂರು ಅಂಟಿಸಿ, ಚಪ್ಪಟೆಯಾಗಿ ಕೂತಿರಬೇಕು. ಆರಡಿ ದೂರದಲ್ಲಿ ಚೆಂಡು ಇಟ್ಟು, ಆ ಗೆರೆಗೆ ಪಟ್ ಮಾಡುವವರಂತೆ ಗುರಿ ಇಟ್ಟು ನಿಲ್ಲಿ. ಸರಿ ಎನಿಸಿದ ಮೇಲೆ ಅಲುಗಾಡಬೇಡಿ. ಪಕ್ಕದವರು ಚೆಂಡನ್ನು ಕಡ್ಡಿಯಿಂದ ಸರಿಸಿ ಲೇಸರ್ ಹಚ್ಚಲಿ. ಬೆಳಕು ಕನ್ನಡಿಗೆ ಬಡಿದು ಡಬ್ಬದ ಕಡೆ ವಾಪಸ್ ಬರುತ್ತದೆ.

ಬೆಳಕಿನ ಚುಕ್ಕೆ ಗೆರೆಯ ಮೇಲೆ ಬಿದ್ದರೆ ಗುರಿ ನೇರ. ಕನ್ನಡಿ ತಪ್ಪನ್ನು ಎರಡು ಪಟ್ಟು ಮಾಡಿ ತೋರಿಸುತ್ತದೆ. ಹಾಗಾಗಿ ಆರಡಿಯಲ್ಲಿ ಚುಕ್ಕೆ ಎರಡೂವರೆ ಇಂಚು ಎಡಕ್ಕೆ ಬಿದ್ದರೆ ಫೇಸ್ ಒಂದು ಡಿಗ್ರಿ ಎಡಕ್ಕೆ ತಿರುಗಿದೆ ಎಂದು ಲೆಕ್ಕ. ಫೇಸ್ ಸ್ವಲ್ಪ ಮೇಲ್ಮುಖವಾಗಿರುವುದರಿಂದ ಚುಕ್ಕೆ ಅರ್ಧ ಅಡಿಯಷ್ಟು ಮೇಲೆ ಬೀಳಬಹುದು, ಅದಕ್ಕೆ ಗಾಬರಿ ಬೇಡ, ಎಡ ಬಲ ಮಾತ್ರ ನೋಡಿ. ಡಬ್ಬದ ಹತ್ತಿರ ಮಕ್ಕಳು ಬರದ ಹಾಗೆ ನೋಡಿಕೊಳ್ಳಿ, ಲೇಸರ್ ಕಣ್ಣಿಗೆ ಬೀಳಬಾರದು.

ಹತ್ತು ಸಲ ಮಾಡಿ, ಪ್ರತಿ ಸಲವೂ ಎರಡು ಹೆಜ್ಜೆ ಹಿಂದೆ ಹೋಗಿ ಹೊಸದಾಗಿ ಬಂದು ನಿಲ್ಲಿ. ಬರೆದುಕೊಳ್ಳಿ. ಹತ್ತರಲ್ಲಿ ಎಂಟು ಒಂದೇ ಕಡೆ ಬಿದ್ದರೆ ಆ ಹೆಡ್‌ನ ಆಕಾರ ನಿಮ್ಮ ಕಣ್ಣಿಗೆ ಹೊಂದುತ್ತಿಲ್ಲ, ಹೆಡ್ ಬದಲಿಸಿದರೆ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ. ಎರಡೂ ಕಡೆ ಚದುರಿ ಬಿದ್ದರೆ ಯಾವ ಪಟರ್ ಕೊಂಡರೂ ಪ್ರಯೋಜನವಿಲ್ಲ, ಹಂತ 1ಕ್ಕೆ ವಾಪಸ್ ಹೋಗಿ ಕಣ್ಣು ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತಿದೆಯೇ ನೋಡಿ.

ಆಮೇಲೆ ಸ್ನೇಹಿತರಿಂದ ಮೂರು ಬೇರೆ ಬೇರೆ ಆಕಾರದ ಪಟರ್ ಒಂದು ದಿನಕ್ಕೆ ಕೇಳಿ ತನ್ನಿ. ಒಂದು ತೆಳ್ಳನೆಯ ಬ್ಲೇಡ್, ಹಿಂದೆ ಉದ್ದಕ್ಕೆ ಗೆರೆ ಇರುವ ಒಂದು ದೊಡ್ಡ ಮ್ಯಾಲೆಟ್, ಗೆರೆಯೇ ಇಲ್ಲದ ಅಥವಾ ಚುಕ್ಕೆ ಮಾತ್ರ ಇರುವ ಒಂದು. ಮೂರರಲ್ಲೂ ಇದೇ ಪರೀಕ್ಷೆ. ಉದ್ದ ಗೆರೆ ಇದ್ದರೆ ಎಲ್ಲರಿಗೂ ಗುರಿ ಸುಲಭ ಎನ್ನುವುದು ತಪ್ಪು ತಿಳಿವಳಿಕೆ. ಕೆಲವರಿಗೆ ಗೆರೆ ನೋಡಿದಷ್ಟೂ ಅನುಮಾನ ಜಾಸ್ತಿ, ಬರೀ ಫೇಸ್‌ನ ಮೇಲಂಚು ನೋಡಿ ಇಟ್ಟಾಗ ನೇರ ಬರುತ್ತದೆ. ಶಾಫ್ಟ್‌ಗಿಂತ ಫೇಸ್ ಸ್ವಲ್ಪ ಹಿಂದೆ ಕೂತಿರುವುದಕ್ಕೆ ಆಫ್‌ಸೆಟ್ ಎನ್ನುತ್ತಾರೆ, ಅದು ಜಾಸ್ತಿಯೋ ಕಡಿಮೆಯೋ ಆದರೂ ಗುರಿ ಬದಲಾಗುತ್ತದೆ. ಯಾರಿಗೆ ಯಾವ ಕಡೆ ಬದಲಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಇಟ್ಟು ನೋಡಿಯೇ ತಿಳಿಯಬೇಕು.

## ಹಂತ 4: ನಿಮ್ಮ ಸ್ಟ್ರೋಕ್ ನೇರವೋ ಬಾಗೋ

ನೆಲಕ್ಕೆ ಆರಡಿ ಉದ್ದ ಬಣ್ಣದ ಟೇಪ್ ಅಂಟಿಸಿ. ಚೆಂಡಿನ ನೇರ ಮೇಲಿಂದ ಕೆಳಗೆ ನೋಡುವಂತೆ ಮೊಬೈಲ್ ಇಡಬೇಕು. ಪಕ್ಕದವರು ಸ್ಟೂಲ್ ಮೇಲೆ ನಿಂತು ಹಿಡಿದರೂ ಆಯಿತು. ಎಂಟಡಿ ಪಟ್‌ಗೆ ಬೇಕಾದ ಬಲದಲ್ಲಿ ಹತ್ತು ಚೆಂಡು ಹೊಡೆಯಿರಿ, ಸ್ಲೋ ಮೋಷನ್ ರೆಕಾರ್ಡ್ ಆಗಲಿ.

ಹೊಡೆಯುವಾಗ ಟೇಪ್ ನೋಡಬೇಡಿ, ಚೆಂಡು ನೋಡಿ. ಟೇಪ್ ನೋಡಿದರೆ ಕೈ ತಾನಾಗಿ ಅದರ ಮೇಲೇ ಹೋಗಲು ನೋಡುತ್ತದೆ. ಚೆಂಡಿಲ್ಲದೆ ಗಾಳಿಯಲ್ಲಿ ಬೀಸಿ ರೆಕಾರ್ಡ್ ಮಾಡುವುದೂ ಬೇಡ, ಆ ಸ್ಟ್ರೋಕ್ ಬೇರೆಯೇ ಇರುತ್ತದೆ.

ಈಗ ಹೆಡ್ ಹಿಂದಕ್ಕೆ ಹೋದ ಕೊನೆಯ ಜಾಗದಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಹೆಡ್‌ನ ನಡು ಇನ್ನೂ ಟೇಪ್ ಮೇಲೇ ಇದ್ದರೆ ನಿಮ್ಮದು ಹೆಚ್ಚುಕಡಿಮೆ ನೇರ ಸ್ಟ್ರೋಕ್. ಅರ್ಧ ಹೆಡ್‌ನಷ್ಟು ಒಳಗೆ, ಅಂದರೆ ನಿಮ್ಮ ಕಾಲಿನ ಕಡೆ ಬಂದಿದ್ದರೆ ಸಾಧಾರಣ ಬಾಗು. ಇಡೀ ಹೆಡ್ ಟೇಪ್‌ನಿಂದ ಒಳಗೆ ಬಂದಿದ್ದರೆ ದೊಡ್ಡ ಬಾಗು. ಹೆಚ್ಚಿನವರದ್ದು ನಡುವಿನ ಗುಂಪು. ತುಂಬಾ ಬಾಗಿ, ಕಣ್ಣು ಚೆಂಡಿನ ಮೇಲೆ ಇಟ್ಟು ನಿಲ್ಲುವವರ ಸ್ಟ್ರೋಕ್ ನೇರದ ಕಡೆ ಇರುತ್ತದೆ. ನೆಟ್ಟಗೆ ನಿಂತು ಚೆಂಡನ್ನು ಕಾಲಿನಿಂದ ದೂರ ಇಟ್ಟುಕೊಳ್ಳುವವರದ್ದು ಬಾಗಿನ ಕಡೆ.

ಇವುಗಳಲ್ಲಿ ಒಂದು ಸರಿ ಒಂದು ತಪ್ಪು ಎಂದಿಲ್ಲ. ಬಾಗು ಕಂಡ ಕೂಡಲೇ ನೇರ ಮಾಡಿಕೊಳ್ಳಲು ಹೋಗಬೇಡಿ. ಹತ್ತೂ ಒಂದೇ ತರಹ ಇವೆಯೇ ಎಂಬುದು ಮುಖ್ಯ.

## ಹಂತ 5: ಹೆಡ್ ಮತ್ತು ನೆಕ್

ಈಗ ಅಂಗಡಿಗೆ ಹೋಗಬಹುದು.

ಪಟರ್‌ನ ಶಾಫ್ಟ್ ಅನ್ನು ನೆಲಕ್ಕೆ ಸಮನಾಗಿ ಒಂದು ಬೆರಳಿನ ಮೇಲೆ, ಹೆಡ್ ಹತ್ತಿರ, ತೂಗಿ ನಿಲ್ಲಿಸಿ. ಹೆಡ್ ತಾನಾಗಿ ತಿರುಗಿ ಒಂದು ಕಡೆ ನಿಲ್ಲುತ್ತದೆ. ಫೇಸ್ ಪೂರ್ತಿ ಆಕಾಶ ನೋಡುತ್ತಿದ್ದರೆ ಅದು ಫೇಸ್ ಬ್ಯಾಲೆನ್ಸ್ಡ್. ಟೋ ಓರೆಯಾಗಿ ಕೆಳಗಿಳಿದಿದ್ದರೆ ಸಾಧಾರಣ ಟೋ ಹ್ಯಾಂಗ್. ಟೋ ನೇರ ನೆಲ ನೋಡುತ್ತಿದ್ದರೆ ಪೂರ್ತಿ ಟೋ ಹ್ಯಾಂಗ್. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು, ಮಾರುವವರು ಏನೇ ಹೇಳಲಿ, ನೀವೇ ಬೆರಳಿನ ಮೇಲಿಟ್ಟು ನೋಡಿ.

ಶುರುಮಾಡಬೇಕಾದ ಜಾಗ ಹೀಗೆ: ನೇರ ಸ್ಟ್ರೋಕ್‌ಗೆ ಫೇಸ್ ಬ್ಯಾಲೆನ್ಸ್ಡ್, ಸಾಧಾರಣ ಬಾಗಿಗೆ ಓರೆ ಇಳಿಯುವ ಟೋ ಹ್ಯಾಂಗ್, ದೊಡ್ಡ ಬಾಗಿಗೆ ಜಾಸ್ತಿ ಟೋ ಹ್ಯಾಂಗ್. ಕಾರಣ ಸರಳ. ಬಾಗಿನ ಸ್ಟ್ರೋಕ್‌ನಲ್ಲಿ ಫೇಸ್ ಹಿಂದೆ ಹೋಗುವಾಗ ತೆರೆದುಕೊಂಡು ಮುಂದೆ ಬರುವಾಗ ಮುಚ್ಚಬೇಕು, ಟೋ ಕಡೆ ಭಾರ ಇರುವ ಹೆಡ್ ಆ ತಿರುಗುವಿಕೆಗೆ ಹೊಂದಿಕೊಳ್ಳುತ್ತದೆ.

ಆದರೆ ಇದನ್ನು ಕಾನೂನು ಮಾಡಿಕೊಳ್ಳಬೇಡಿ. ಪುಸ್ತಕದ ಪ್ರಕಾರ ಹೊಂದಬಾರದ ಪಟರ್‌ನಲ್ಲಿ ಚೆನ್ನಾಗಿ ಆಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಪಟ್ ಯಾವ ಕಡೆ ತಪ್ಪುತ್ತದೆ ಎನ್ನುವುದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಲೇಸರ್ ಪರೀಕ್ಷೆಯಲ್ಲಿ ಗುರಿ ನೇರ ಇದ್ದೂ ಚೆಂಡು ಮತ್ತೆ ಮತ್ತೆ ಬಲಕ್ಕೆ ಹೋಗುತ್ತಿದ್ದರೆ ಫೇಸ್ ಸಮಯಕ್ಕೆ ಮುಚ್ಚುತ್ತಿಲ್ಲ, ಟೋ ಹ್ಯಾಂಗ್ ಕಡಿಮೆ ಇರುವುದನ್ನು ಮೊದಲು ಹಿಡಿದು ನೋಡಿ. ಎಡಕ್ಕೆ ಎಳೆಯುತ್ತಿದ್ದರೆ ಟೋ ಹ್ಯಾಂಗ್ ಜಾಸ್ತಿ ಇರುವುದನ್ನು ನೋಡಿ. ಭಾರದ ಟೋ ಅಷ್ಟು ಬೇಗ ಮುಚ್ಚುವುದಿಲ್ಲ. ಲೇಸರ್ ಪರೀಕ್ಷೆ ಮಾಡದೆ ಇದನ್ನು ಮಾಡಿದರೆ ಮಾತ್ರ ದಾರಿ ತಪ್ಪುತ್ತೀರಿ, ಏಕೆಂದರೆ ಎಡಕ್ಕೆ ಹೋಗುವ ಚೆಂಡು ಎಡಕ್ಕೆ ಇಟ್ಟ ಗುರಿಯಿಂದಲೂ ಹೋಗಿರಬಹುದು.

ಟೋ ಹ್ಯಾಂಗ್ ಎಷ್ಟು ಎನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಶಾಫ್ಟ್ ಹೆಡ್‌ಗೆ ಕೂಡುವ ಭಾಗವಾದ ನೆಕ್, ಹೆಡ್‌ನ ಆಕಾರವಲ್ಲ. ಎರಡು ಕಡೆ ಬಾಗಿದ ಶಾಫ್ಟ್, ಡಬಲ್ ಬೆಂಡ್, ಇದ್ದರೆ ಸಾಮಾನ್ಯವಾಗಿ ಫೇಸ್ ಬ್ಯಾಲೆನ್ಸ್ಡ್. ನಲ್ಲಿ ಪೈಪ್ ಕೂಡಿಸಿದ ಹಾಗೆ ಕಾಣುವ ಪ್ಲಂಬರ್ಸ್ ನೆಕ್ ಇರುವ ಬ್ಲೇಡ್‌ಗಳಲ್ಲಿ ಸಾಧಾರಣ ಟೋ ಹ್ಯಾಂಗ್. ಪಿಂಗ್ ಕಂಪನಿಯ ಆನ್ಸರ್ 1966ರಲ್ಲಿ ಬಂದಾಗಿನಿಂದ ಇದೇ ನೆಕ್ ಎಲ್ಲರೂ ನಕಲು ಮಾಡುವ ಮಾದರಿ. ಹೀಲ್, ಅಂದರೆ ನಿಮ್ಮ ಕಾಲಿನ ಕಡೆಯ ತುದಿಯಿಂದ ನೇರ ಹರಿದು ಬರುವ ಫ್ಲೋ ನೆಕ್‌ನಲ್ಲಿ ಟೋ ಹ್ಯಾಂಗ್ ಇನ್ನೂ ಜಾಸ್ತಿ. ಮ್ಯಾಲೆಟ್ ಎಂದರೆ ನೇರ ಸ್ಟ್ರೋಕ್‌ನವರಿಗೆ, ಬ್ಲೇಡ್ ಎಂದರೆ ಬಾಗಿನವರಿಗೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಗಿಡ್ಡ ಓರೆ ನೆಕ್ ಹಾಕಿದ ಮ್ಯಾಲೆಟ್ ಬೆರಳಿನ ಮೇಲಿಟ್ಟರೆ ಟೋ ಚೆನ್ನಾಗೇ ಇಳಿಯುತ್ತದೆ, ಆ ಮಾತು ಅಲ್ಲಿಗೇ ಮುಗಿಯಿತು.

ಈಚೆಗೆ ಎಲ್ಲರೂ ಕೇಳುವುದು ಜೀರೋ ಟಾರ್ಕ್ ಪಟರ್ ಬಗ್ಗೆ. ಸ್ಟ್ರೋಕ್ ನಡುವೆ ಹೆಡ್ ತಾನಾಗಿ ತೆರೆದು ಮುಚ್ಚಲು ಎಳೆಯದ ಹಾಗೆ ಭಾರ ಹಂಚಿರುತ್ತಾರೆ. 2025ರ ಯು.ಎಸ್. ಓಪನ್‌ ಅನ್ನು ಜೆ.ಜೆ. ಸ್ಪಾನ್ ಗೆದ್ದದ್ದು ಎಲ್.ಎ.ಬಿ. ಗಾಲ್ಫ್ ಕಂಪನಿಯ ಇಂಥದೇ ಪಟರ್ ಹಿಡಿದು. ಗುರಿ ನೇರ ಇದ್ದು, ತಾಗುವಾಗ ಮಾತ್ರ ಒಮ್ಮೆ ಬಲ ಒಮ್ಮೆ ಎಡ ಆಗುವವರು ಇದನ್ನು ಹಿಡಿದು ನೋಡುವುದು ಒಳ್ಳೆಯದು. ಕೈಗೆ ವಿಚಿತ್ರ ಎನಿಸುತ್ತದೆ, ಅಂಗಡಿಯ ಹತ್ತು ನಿಮಿಷದಲ್ಲಿ ತೀರ್ಮಾನಿಸಬೇಡಿ. ಒಂದು ಎಚ್ಚರಿಕೆ ಇದೆ. ಲೈ, ಅಂದರೆ ಶಾಫ್ಟ್ ನೆಲಕ್ಕೆ ಓರೆ ನಿಲ್ಲುವ ಕೋನ, ನಿಮಗೆ ಹೊಂದದಿದ್ದರೆ ಕೊಟ್ಟ ದುಡ್ಡಿಗೆ ಬೆಲೆ ಇಲ್ಲ, ಆ ಭಾರದ ಹಂಚಿಕೆ ಆ ಕೋನಕ್ಕೆ ಮಾತ್ರ ಸರಿ ಕೂರುವಂಥದ್ದು.

## ಹಂತ 6: ಪೌಡರ್ ಪರೀಕ್ಷೆ

ಫೇಸ್ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಇಪ್ಪತ್ತಡಿ ಪಟ್ ಹತ್ತು ಹೊಡೆಯಿರಿ. ಚೆಂಡು ತಾಗಿದ ಕಡೆ ಗುರುತು ಬೀಳುತ್ತದೆ. ಹತ್ತೂ ಗುರುತು ಒಂದು ರೂಪಾಯಿ ನಾಣ್ಯದ ಒಳಗೆ ಅಡಗಿದರೆ ಯಾವ ಹೆಡ್ ಆದರೂ ನಡೆಯುತ್ತದೆ, ಕಣ್ಣಿಗೆ ಹಿಡಿಸಿದ್ದು ಕೊಳ್ಳಿ. ಟೋ ಹೀಲ್ ಎರಡೂ ಕಡೆ ಹರಡಿದ್ದರೆ ಮ್ಯಾಲೆಟ್‌ಗೆ ಹೋಗಿ. ಭಾರ ಅಂಚುಗಳಿಗೆ ಹಂಚಿಹೋಗಿರುವುದರಿಂದ ನಡು ತಪ್ಪಿದರೂ ಹೆಡ್ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ, ದೂರವೂ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಎಲ್ಲವೂ ಟೋ ಕಡೆಯೇ ಇದ್ದರೆ ಹೆಡ್ ಬದಲಿಸುವ ಮುಂಚೆ ಉದ್ದ ಮತ್ತೆ ನೋಡಿ.

## ಹಂತ 7: ಲೈ, ಲಾಫ್ಟ್, ತೂಕ

ಲೈ ನೋಡಲು ಗಟ್ಟಿ ಸಮನೆಲದ ಮೇಲೆ ನಿಮ್ಮ ನಿಲುವಿನಲ್ಲಿ ನಿಲ್ಲಿ. ಪಕ್ಕದವರು ಟೋ ಕೆಳಗೆ ನಾಣ್ಯ ತೂರಿಸಲಿ. ಒಂದು ನಾಣ್ಯ ಸ್ವಲ್ಪ ಒಳಗೆ ಹೋದರೆ ಪರವಾಗಿಲ್ಲ. ಎರಡು ಮೂರು ನಾಣ್ಯ ಒಂದರ ಮೇಲೊಂದು ಇಟ್ಟರೂ ಸಲೀಸಾಗಿ ತೂರಿದರೆ ಲೈ ನಿಮಗೆ ತೀರಾ ನೆಟ್ಟಗೆ ಇದೆ, ಇಲ್ಲವೇ ಶಾಫ್ಟ್ ಉದ್ದ. ಹೀಲ್ ಮೇಲೆದ್ದಿದ್ದರೆ ಇದರ ತಿರುಗುಮುರುಗು. ಪಟರ್‌ನಲ್ಲಿ ಲಾಫ್ಟ್, ಅಂದರೆ ಫೇಸ್ ಮೇಲ್ಮುಖವಾಗಿ ಓರೆಯಾಗಿರುವ ಕೋನ, ಕಡಿಮೆ ಇರುವುದರಿಂದ ಲೈ ತಪ್ಪಿದ್ದಕ್ಕೆ ಚೆಂಡಿನ ದಿಕ್ಕು ಬದಲಾಗುವುದು ಸ್ವಲ್ಪವೇ. ನಿಜವಾದ ತೊಂದರೆ ಕಣ್ಣಿಗೆ. ಹೆಡ್ ವಾಲಿದಾಗ ಮೇಲಿನ ಗೆರೆ ಸೊಟ್ಟ ಕಾಣುತ್ತದೆ, ಗುರಿ ಹಾಳಾಗುತ್ತದೆ. ಉಕ್ಕಿನ ನೆಕ್ ಇದ್ದರೆ ಕ್ಲಬ್ ರಿಪೇರಿ ಮಾಡುವವರು ಯಂತ್ರದಲ್ಲಿ ಒಂದೆರಡು ಡಿಗ್ರಿ ಬಗ್ಗಿಸಿಕೊಡುತ್ತಾರೆ. ಮನೆಯಲ್ಲಿ ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸಬೇಡಿ, ನೆಕ್ ಮುರಿದರೆ ಅದಕ್ಕೆ ಔಷಧಿ ಇಲ್ಲ.

ಲಾಫ್ಟ್ ಹೆಚ್ಚಿನ ಪಟರ್‌ಗಳಲ್ಲಿ 2ರಿಂದ 4 ಡಿಗ್ರಿ. ನಿಂತ ಚೆಂಡು ಹುಲ್ಲಿನಲ್ಲಿ ಸ್ವಲ್ಪ ಕುಳಿತಿರುತ್ತದೆ, ಅದನ್ನು ಮೇಲೆತ್ತಿ ಉರುಳಲು ಬಿಡುವಷ್ಟು ಮಾತ್ರ ಲಾಫ್ಟ್ ಬೇಕು. ನಮ್ಮ ಕಡೆ ಗ್ರೀನ್‌ಗಳಲ್ಲಿ, ಅಂದರೆ ಹೋಲ್ ಸುತ್ತ ಹುಲ್ಲು ಸಣ್ಣಗೆ ಕತ್ತರಿಸಿದ ಜಾಗಗಳಲ್ಲಿ, ಹೆಚ್ಚಾಗಿ ಇರುವುದು ಬರ್ಮುಡಾ ಜಾತಿ ಹುಲ್ಲು, ಮಳೆಗಾಲದಲ್ಲಿ ಅದು ದಟ್ಟವಾಗಿ ನಿಧಾನವಾಗುತ್ತದೆ. ವಿದೇಶದ ಟೂರ್ನಿಯ ನುಣುಪು ಗ್ರೀನ್ ನೋಡಿ ಅತಿ ಕಡಿಮೆ ಲಾಫ್ಟ್ ಕೇಳಿ ಹಾಕಿಸಿಕೊಳ್ಳಬೇಡಿ, 3 ಡಿಗ್ರಿ ಹತ್ತಿರ ಇದ್ದರೆ ಇಲ್ಲಿ ಸುರಕ್ಷಿತ. ಕೈಯನ್ನು ಚೆಂಡಿಗಿಂತ ಮುಂದೆ ತಳ್ಳಿ ಹೊಡೆಯುವ ಅಭ್ಯಾಸ ಇದ್ದವರಿಗೆ ಲಾಫ್ಟ್ ಇನ್ನೂ ಕಡಿಮೆಯಾಗುತ್ತದೆ, ಅವರು 4ರ ಕಡೆ ಹೋಗಲಿ.

ಪಕ್ಕದಿಂದ ಸ್ಲೋ ಮೋಷನ್ ತೆಗೆದು ನೋಡಿ. ಫೇಸ್ ಬಿಟ್ಟ ಕೂಡಲೇ ಚೆಂಡು ಗಾಳಿಗೆ ಎದ್ದರೆ ಲಾಫ್ಟ್ ಜಾಸ್ತಿ. ಮೊದಲು ಹುಲ್ಲಿಗೆ ಒತ್ತಿ ಆಮೇಲೆ ಪುಟಿದರೆ ಕಡಿಮೆ. ಬರಿಗಣ್ಣಿಗೆ ಎರಡೂ ಒಂದೇ ತರಹ ಕುಪ್ಪಳಿಸಿದಂತೆ ಕಾಣುತ್ತವೆ, ಅದಕ್ಕೇ ವಿಡಿಯೋ ಬೇಕು.

ಹೆಡ್‌ನ ತೂಕ ಸಾಮಾನ್ಯವಾಗಿ 340ರಿಂದ 370 ಗ್ರಾಂ ಆಸುಪಾಸು, ಗಿಡ್ಡ ಪಟರ್‌ಗೆ ಭಾರದ ಹೆಡ್. ನಿಧಾನದ ಗ್ರೀನ್‌ಗೆ ಭಾರದ್ದು, ವೇಗದ್ದಕ್ಕೆ ಹಗುರದ್ದು ಎಂಬ ಮಾತನ್ನು ಬಾಯಿಪಾಠದಂತೆ ಹೇಳುತ್ತಾರೆ. ನಾನು ಅದನ್ನು ನಂಬಿ ಕೊಳ್ಳುವುದಿಲ್ಲ. ಮೂವತ್ತಡಿಗೆ ಹತ್ತು ಚೆಂಡು ಹೊಡೆದು, ಅತಿ ಹತ್ತಿರ ನಿಂತದ್ದಕ್ಕೂ ಅತಿ ದೂರ ಹೋದದ್ದಕ್ಕೂ ನಡುವೆ ಎಷ್ಟು ಅಂತರ ಎಂದು ಹೆಜ್ಜೆಯಲ್ಲಿ ಅಳೆಯಿರಿ. ಯಾವ ತೂಕದಲ್ಲಿ ಆ ಅಂತರ ಕಡಿಮೆಯೋ ಅದು ನಿಮ್ಮದು. ಹತ್ತೂ ಒಂದೇ ಸಮನೆ ಎರಡಡಿ ಹಿಂದೆ ನಿಂತರೆ ಅದು ತೂಕದ ದೋಷ ಅಲ್ಲ. ಒಂದು ವಾರದಲ್ಲಿ ಕೈ ತಾನೇ ಹೊಂದಿಕೊಳ್ಳುತ್ತದೆ.

ಫೇಸ್ ಒಳಗೆ ಕೂರಿಸಿದ ಮೆತ್ತಗಿನ ತುಂಡು, ಅಂದರೆ ಇನ್ಸರ್ಟ್, ಆಗಿರಲಿ, ಗಟ್ಟಿ ಲೋಹವಾಗಿರಲಿ, ಅದು ಸದ್ದಿನ ರುಚಿ ಅಷ್ಟೇ. ನೀವು ದಿನಾ ಆಡುವ ಚೆಂಡನ್ನೇ ಅಂಗಡಿಗೆ ಒಯ್ಯಿರಿ. ಅವರ ಡಬ್ಬದ ಹಳೆಯ ರೇಂಜ್ ಚೆಂಡಿನಲ್ಲಿ ಕೇಳಿದ ಸದ್ದು ಗ್ರೀನ್ ಮೇಲೆ ಕೇಳುವುದಿಲ್ಲ.

## ಹಂತ 8: ಗ್ರಿಪ್

ಸಣ್ಣ ಗ್ರಿಪ್‌ನಲ್ಲಿ ಬೆರಳಿಗೆ ಹೆಡ್ ಚೆನ್ನಾಗಿ ತಿಳಿಯುತ್ತದೆ. ದಪ್ಪ ಗ್ರಿಪ್‌ನಲ್ಲಿ ಮಣಿಕಟ್ಟು ಸುಮ್ಮನಿರುತ್ತದೆ, ಆದರೆ ಕೆಲವರಿಗೆ ಉದ್ದದ ಪಟ್‌ನ ಅಂದಾಜು ಕೆಡುತ್ತದೆ. ಮೂರಡಿ ಪಟ್‌ನಲ್ಲಿ ಕೈ ಜಗ್ಗುವವರು ದಪ್ಪದ್ದನ್ನು ಮೊದಲು ಪ್ರಯತ್ನಿಸಲಿ. ಹೊಸ ಪಟರ್‌ನ ಬೆಲೆಗೆ ಹೋಲಿಸಿದರೆ ಗ್ರಿಪ್ ಬದಲಿಸುವ ಖರ್ಚು ಸಣ್ಣದು. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹಾಕಿಸಿದ ಮೇಲೆ ಒಂದು ನೋಡಲೇಬೇಕು. ಗ್ರಿಪ್‌ನ ಚಪ್ಪಟೆ ಭಾಗ ಫೇಸ್‌ಗೆ ಸರಿಯಾಗಿ ಲಂಬವಾಗಿ ಕೂತಿರಬೇಕು. ಸ್ವಲ್ಪ ತಿರುಗಿ ಅಂಟಿದ್ದರೆ ನಿಮ್ಮ ಹೆಬ್ಬೆರಳು ಪ್ರತಿ ಸಲ ಫೇಸ್ ತಿರುಗಿಸುತ್ತದೆ, ನೀವು ಕಾರಣ ಹುಡುಕುತ್ತಾ ಇರುತ್ತೀರಿ. ಭಾರದ ದಪ್ಪ ಗ್ರಿಪ್ ಹಾಕಿದರೆ ಹೆಡ್ ಹಗುರ ಎನಿಸುತ್ತದೆ, ಕತ್ತರಿಸಿದಾಗ ಆದ ಹಾಗೇ. ಎಡಗೈ ಕೆಳಗೆ ಹಿಡಿಯಲು ಶುರುಮಾಡಿದವರು ಉದ್ದವನ್ನು ಮತ್ತೆ ಅಳೆಯಿರಿ, ಭುಜದ ನಿಲುವು ಬದಲಾಗಿರುತ್ತದೆ.

## ಹಂತ 9: ಗ್ರೀನ್ ಮೇಲೆ ಎರಡರಲ್ಲಿ ಒಂದು

ಇಷ್ಟು ಮಾಡಿದ ಮೇಲೆ ಎರಡು ಪಟರ್ ಉಳಿದಿರಬೇಕು. ಅಂಗಡಿಯವರನ್ನು ಡೆಮೊ ಕೇಳಿ, ಇಲ್ಲವೇ ಅದೇ ಮಾದರಿ ಇರುವವರನ್ನು ಹುಡುಕಿ. ಕಾರ್ಪೆಟ್ ಮೇಲಿನ ಫಲಿತಾಂಶಕ್ಕೆ ಬೆಲೆ ಕೊಡಬೇಡಿ. ಅದು ಸಮ, ವೇಗ, ಹುಲ್ಲಿಲ್ಲ, ಲಾಫ್ಟ್ ಸರಿಯೇ ತಪ್ಪೇ ಎಂದು ಅಲ್ಲಿ ತಿಳಿಯುವುದೇ ಇಲ್ಲ.

ಪ್ರಾಕ್ಟೀಸ್ ಗ್ರೀನ್‌ನಲ್ಲಿ ಸಮ ಇರುವ ಜಾಗದಲ್ಲಿ ಐದಡಿ ದೂರದಿಂದ ಶುರುಮಾಡಿ. ಚೆಂಡಿನ ಮುಂದೆ ಒಂದಡಿಗೆ ಎರಡು ಟೀ ನೆಡಿ, ನಡುವೆ ಚೆಂಡು ಹೋಗುವುದಕ್ಕಿಂತ ಸ್ವಲ್ಪ ಅಗಲ ಇರಲಿ. ಚೆಂಡು 1.68 ಇಂಚು, ಹಾಗಾಗಿ ಎರಡು ಇಂಚು ಬಿಡಿ. ಹೋಲ್‌ಗೆ ಬಿತ್ತೇ ಎಂದು ಎಣಿಸಬೇಡಿ, ಟೀ ತಾಗದೆ ಹೋಯಿತೇ ಎಂದು ಎಣಿಸಿ.

ಮೊದಲನೆಯದರಲ್ಲಿ ಹತ್ತು, ಎರಡನೆಯದರಲ್ಲಿ ಹತ್ತು, ಮತ್ತೆ ಎರಡನೆಯದರಲ್ಲಿ ಹತ್ತು, ಕೊನೆಗೆ ಮೊದಲನೆಯದರಲ್ಲಿ ಹತ್ತು. ಈ ಕ್ರಮ ಯಾಕೆಂದರೆ ಕೈ ಪಳಗಿದ ಹಾಗೆ ಆಮೇಲೆ ಹಿಡಿದ ಪಟರ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಎಷ್ಟೋ ಜನ ಕೊನೆಗೆ ಹಿಡಿದದ್ದನ್ನೇ ಕೊಂಡು ಬಂದಿದ್ದಾರೆ. ಆಮೇಲೆ ಮೂವತ್ತಡಿಗೆ ಇದೇ ಕ್ರಮದಲ್ಲಿ ಐದೈದು. ಎರಡನ್ನೂ ಒಂದೇ ಹೊತ್ತಿಗೆ ಪರೀಕ್ಷಿಸಿ. ಬೆಂಗಳೂರಿನ ಬೆಳಗಿನ ಆರೂವರೆಯ ಇಬ್ಬನಿ ಗ್ರೀನ್‌ಗೂ ಹತ್ತು ಗಂಟೆಯ ಒಣಗಿದ ಗ್ರೀನ್‌ಗೂ ಬಹಳ ವ್ಯತ್ಯಾಸ.

ಸಾಧ್ಯವಾದರೆ ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಎರಡೂ ದಿನ ಒಂದೇ ಪಟರ್ ಮುಂದಿದ್ದರೆ ಅನುಮಾನ ಬೇಡ. ಒಂದೊಂದು ದಿನ ಒಂದೊಂದು ಗೆದ್ದರೆ ಐದಡಿಯಲ್ಲಿ ಚೆನ್ನಾಗಿದ್ದದ್ದನ್ನು ತೆಗೆದುಕೊಳ್ಳಿ, ಅಥವಾ ಕಡಿಮೆ ಬೆಲೆಯದ್ದನ್ನು.

## ಹಂತ 10: ದುಡ್ಡು ಕೊಡುವ ಮುಂಚೆ

ಹೆಸರಾಂತ ಬ್ರಾಂಡ್‌ಗಳ ನಕಲಿ ಪಟರ್ ಓಡಾಡುತ್ತಿವೆ. ಬೆಲೆ ನಂಬಲಾರದಷ್ಟು ಕಡಿಮೆ, ಕೊರೆದ ಅಕ್ಷರದ ಬಣ್ಣ ಅಂಚು ಮೀರಿ ಹರಡಿದೆ, ಹೆಡ್ ಕವರ್‌ನ ಹೊಲಿಗೆ ಒರಟಾಗಿದೆ ಎಂದರೆ ಬಿಟ್ಟುಬಿಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಒಳ್ಳೆಯದೇ, ಪಟರ್ ಬೇಗ ಸವೆಯುವ ಸಾಮಾನಲ್ಲ. ಶಾಫ್ಟ್ ಅನ್ನು ಮೇಜಿನ ಅಂಚಿಗೆ ಉರುಳಿಸಿ ಬಾಗಿದೆಯೇ ನೋಡಿ, ಹೆಡ್ ಹಿಡಿದು ಅಲ್ಲಾಡಿಸಿ ಒಳಗೆ ಏನಾದರೂ ಕಟಕಟ ಎನ್ನುತ್ತದೆಯೇ ಕೇಳಿ, ನೆಕ್‌ನಲ್ಲಿ ಬಗ್ಗಿಸಿದ ಗುರುತು ಇದ್ದರೆ ಲಾಫ್ಟ್ ಅಳೆಸಿ.

ಸ್ಪರ್ಧೆ ಆಡುವವರಾದರೆ ನಿಯಮ ನೋಡಿಕೊಳ್ಳಿ. ಉದ್ದದ ಪಟರ್ ಇಟ್ಟುಕೊಳ್ಳಬಹುದು, ಆದರೆ 2016ರ ಜನವರಿ 1ರಿಂದ ಅದನ್ನು ಹೊಟ್ಟೆಗೋ ಎದೆಗೋ ಊರಿ ಹೊಡೆಯುವ ಹಾಗಿಲ್ಲ. ಹಳೆಯ ಬೆಲ್ಲಿ ಪಟರ್ ಅಗ್ಗಕ್ಕೆ ಸಿಕ್ಕಿತು ಎಂದು ತರುವವರು ಇದನ್ನು ಮರೆಯುತ್ತಾರೆ. 18 ಇಂಚಿಗಿಂತ ಗಿಡ್ಡವೂ ಇರಬಾರದು. ಎಡಗೈಯವರಿಗೆ ಇಲ್ಲಿ ಆಯ್ಕೆ ಕಡಿಮೆ, ಅಳತೆ ಬರೆದುಕೊಟ್ಟು ತರಿಸಿಕೊಳ್ಳುವುದೇ ಮೇಲು.

## ಕೊಂಡ ಮೇಲೆ ಮೊದಲ ಒಂದು ತಿಂಗಳು

ಏನನ್ನೂ ಬದಲಿಸಬೇಡಿ. ಪ್ರತಿ ರೌಂಡ್‌ನಲ್ಲಿ ಆರಡಿ ಒಳಗಿನ ಪಟ್ ಎಷ್ಟು ತಪ್ಪಿತು, ಯಾವ ಕಡೆ ತಪ್ಪಿತು ಎಂದು ಸ್ಕೋರ್ ಕಾರ್ಡ್‌ನ ಮೂಲೆಯಲ್ಲಿ ಬರೆಯಿರಿ. ಎಡ ಎಂದರೆ ಒಂದು ಎ, ಬಲ ಎಂದರೆ ಬ, ಅಷ್ಟು ಸಾಕು.

ತಿಂಗಳ ಕೊನೆಗೆ ಒಂದೇ ಅಕ್ಷರ ಸಾಲಾಗಿ ಕಂಡರೆ ಹಂತ 3ರ ಲೇಸರ್ ಪರೀಕ್ಷೆಯನ್ನು ಹೊಸ ಪಟರ್‌ನಲ್ಲಿ ಮತ್ತೊಮ್ಮೆ ಮಾಡಿ, ತಪ್ಪು ಗುರಿಯದ್ದೋ ಸ್ಟ್ರೋಕ್‌ನದ್ದೋ ಗೊತ್ತಾಗುತ್ತದೆ. ಎರಡೂ ಅಕ್ಷರ ಸಮ ಇದ್ದರೆ ಪಟರ್ ಸುಮ್ನೆ ಬಿಟ್ಟು ಅಭ್ಯಾಸ ಮಾಡಿ. ಇಳಿಜಾರು ಇರುವ ಪಟ್ ಮಾತ್ರ ತಪ್ಪುತ್ತಿದ್ದರೆ ನೀವು ಗ್ರೀನ್ ಓದುವುದನ್ನು ಕಲಿಯಬೇಕು, ಆ ವಿಷಯದಲ್ಲಿ ನಿಮ್ಮ ಕ್ಯಾಡಿಯನ್ನು ಕೇಳಿ, ಆ ಗ್ರೀನ್ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.